ನೆರೆಯವರ ಭಯ, ನೆರೆಯವರ ಆಸೆ: ಕಾಂಗೊ ಯುದ್ಧ ಬೆಳೆದ ಬಗೆ

1998ರ ಆಗಸ್ಟ್ ಮೊದಲ ವಾರ. ಪೂರ್ವ ಕಾಂಗೊದ ಗೋಮಾದಲ್ಲಿ ರುವಾಂಡಾದ ಸೇನಾಧಿಕಾರಿ ಜೇಮ್ಸ್ ಕಬರೇಬೆ ವಿಮಾನಗಳನ್ನು ವಶಪಡಿಸಿಕೊಂಡು, ಸೈನಿಕರನ್ನು ತುಂಬಿಸಿ, ಇಡೀ ದೇಶದ ಮೇಲಿಂದ ಹಾರಿ ಅಟ್ಲಾಂಟಿಕ್ ಕರಾವಳಿ ಬಳಿಯ ಕಿಟೋನಾ ನೆಲೆಯಲ್ಲಿ ಇಳಿದ. ಸ್ವಲ್ಪ ದಿನಗಳಲ್ಲೇ ಇಂಗಾ ಜಲವಿದ್ಯುತ್ ಕೇಂದ್ರ ಅವನ ಕೈಸೇರಿತು, ರಾಜಧಾನಿ ಕಿನ್ಶಾಸಾ ಕತ್ತಲಲ್ಲಿ ಮುಳುಗಿತು. ಕೆಲವೇ ವಾರಗಳ ಹಿಂದೆ ಇದೇ ಕಬರೇಬೆ ಕಾಂಗೊ ಸೇನೆಯ ಮುಖ್ಯಸ್ಥನಾಗಿದ್ದ!

ಪರದೇಶದ ಅಧಿಕಾರಿಯೊಬ್ಬ ಅಲ್ಲಿಯವರೆಗೆ ಹೋದದ್ದು ಹೇಗೆ? ಅದಕ್ಕೆ 1994ರಿಂದ ಶುರುಮಾಡಬೇಕು. ಆ ವರ್ಷ ರುವಾಂಡಾದಲ್ಲಿ ಬಹುಸಂಖ್ಯಾತ ಹುಟು ಸಮುದಾಯದ ಉಗ್ರರ ಕೈಯಲ್ಲಿ ಅಲ್ಪಸಂಖ್ಯಾತ ಟುಟ್ಸಿ ಸಮುದಾಯದ ಲಕ್ಷಾಂತರ ಜನರ ನರಮೇಧ ನಡೆಯಿತು. ಟುಟ್ಸಿ ನೇತೃತ್ವದ ಪಡೆ ಗೆದ್ದಾಗ 10 ಲಕ್ಷಕ್ಕೂ ಹೆಚ್ಚು ಹುಟುಗಳು ಗಡಿ ದಾಟಿ ಜೈರೆಗೆ ಬಂದರು. ಕಾಂಗೊಗೆ ಆಗ ಅದೇ ಹೆಸರು. ಬಹುಪಾಲು ಜನ ಅಮಾಯಕರು. ಆದರೆ ಕೊಲೆಗಡುಕರೂ ಆಯುಧ ಸಮೇತ ಅದೇ ಶಿಬಿರಗಳಲ್ಲಿ ನೆಲೆಸಿದರು, ಅಲ್ಲಿಂದಲೇ ರುವಾಂಡಾದ ಮೇಲೆ ದಾಳಿ ನಡೆಸಿದರು. ಅವರನ್ನು ನಿರಾಶ್ರಿತರಿಂದ ಬೇರ್ಪಡಿಸುವ ಕೆಲಸವನ್ನು ಜೈರೆಯ ಸರ್ವಾಧಿಕಾರಿ ಮೊಬುಟು ಮಾಡಲಿಲ್ಲ, ಜಗತ್ತೂ ಮಾಡಲಿಲ್ಲ. ಮುಂದಿನ ಅನರ್ಥಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಉದಾಸೀನದಿಂದಲೇ ಎಂದು ನನಗನ್ನಿಸುತ್ತದೆ.

1996ರಲ್ಲಿ ರುವಾಂಡಾ ಮತ್ತು ಉಗಾಂಡಾ ಸೇರಿ ಕಾಂಗೊದ ಹಳೆಯ ಬಂಡುಕೋರ ಲಾರೆಂಟ್ ಕಬಿಲಾನನ್ನು ಮುಂದಿಟ್ಟುಕೊಂಡು ಮೊಬುಟು ವಿರುದ್ಧ ಬಂಡಾಯ ಎಬ್ಬಿಸಿದವು. ಅಂಗೋಲಾ ಕೂಡ ಕೈಜೋಡಿಸಿತು. ಅದರ ಶತ್ರುವಾದ ಯುನಿಟಾ ಬಂಡುಕೋರರಿಗೆ ಮೊಬುಟು ಆಸರೆ ಕೊಟ್ಟಿದ್ದ. 1997ರ ಮೇ ತಿಂಗಳಲ್ಲಿ ಮೊಬುಟು ಓಡಿಹೋದ, ಕಬಿಲಾ ಗದ್ದುಗೆ ಏರಿದ. ಆದರೆ ರುವಾಂಡಾದವರೇ ಸೇನೆ ನಡೆಸುವುದನ್ನು ಕಾಂಗೊ ಜನ ಸಹಿಸಲಿಲ್ಲ. 1998ರ ಜುಲೈನಲ್ಲಿ ಕಬಿಲಾ ಆ ರುವಾಂಡಾದವರಿಗೆ ದೇಶ ಬಿಡುವಂತೆ ಹೇಳಿದ. ಅದಕ್ಕೆ ಸಿಕ್ಕ ಉತ್ತರವೇ ಕಿಟೋನಾ.

ಕಿನ್ಶಾಸಾವನ್ನು ಉಳಿಸಿದ್ದೂ ನೆರೆಯವರೇ. ಯುನಿಟಾಗೆ ಮತ್ತೆ ಹಿಂಬಾಗಿಲು ತೆರೆದೀತೆಂಬ ಅಂಜಿಕೆಯಿಂದ ಅಂಗೋಲಾ ಈ ಸಲ ಕಬಿಲಾನ ಪರ ನಿಂತಿತು. ಜಿಂಬಾಬ್ವೆ, ನಮೀಬಿಯಾ ಸೈನಿಕರೂ ಬಂದರು. ಕಿಟೋನಾದ ಪಡೆ ಸೋತಿತು, ಆದರೆ ಪೂರ್ವ ಭಾಗ ರುವಾಂಡಾ, ಉಗಾಂಡಾಗಳ ಹಿಡಿತದಲ್ಲೇ ಉಳಿಯಿತು.

ಗಡಿ ಕಾಯಲು ಬಂದೆವೆಂದವರು ಗಣಿಗಳಿಗೆ ಕೈಹಾಕಿದ್ದು ಇಲ್ಲಿಯೇ. ಚಿನ್ನ, ವಜ್ರ, ಎಲೆಕ್ಟ್ರಾನಿಕ್ ಉಪಕರಣಗಳಿಗೆ ಬೇಕಾದ ಕೋಲ್ಟಾನ್ ಅದಿರು ಎಲ್ಲವೂ ಗಡಿಯಾಚೆ ಹೋದವು. ಕಬಿಲಾನ ನೆರವಿಗೆ ಬಂದ ಜಿಂಬಾಬ್ವೆಯ ಪ್ರಭಾವಿಗಳೂ ಗಣಿ ಗುತ್ತಿಗೆ ಗಿಟ್ಟಿಸಿಕೊಂಡರು. ವಜ್ರದ ವ್ಯಾಪಾರಕೇಂದ್ರವಾದ ಕಿಸಂಗಾನಿಯಲ್ಲಿ 2000ದ ಜೂನ್‌ನಲ್ಲಿ ರುವಾಂಡಾ ಮತ್ತು ಉಗಾಂಡಾ ಸೇನೆಗಳೇ ಆರು ದಿನ ಪರಸ್ಪರ ಕಾದಾಡಿದವು. ಯಾರ ಜಗಳಕ್ಕೂ ಸೇರದ ಆ ಊರಿನ ನೂರಾರು ಜನ ಸತ್ತರು. ಇಡೀ ಯುದ್ಧದಲ್ಲಿ ಗುಂಡೇಟಿಗಿಂತ ಹಸಿವು ಮತ್ತು ರೋಗಕ್ಕೆ ಬಲಿಯಾದವರೇ ಹೆಚ್ಚು.

2003ರ ಹೊತ್ತಿಗೆ ವಿದೇಶಿ ಸೇನೆಗಳು ಅಧಿಕೃತವಾಗಿ ಹಿಂದಿರುಗಿದವು. ಉಗಾಂಡಾ ಕಾಂಗೊಗೆ 32.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2022ರಲ್ಲಿ ಆದೇಶಿಸಿತು. ರುವಾಂಡಾ ವಿರುದ್ಧದ ದಾವೆ ಮಾತ್ರ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು 2006ರಲ್ಲೇ ಕೈಬಿಟ್ಟಿತ್ತು.

1994ರ ಆ ಹುಟು ಪಡೆಗಳ ಉಳಿಕೆಯಾದ ಎಫ್‌ಡಿಎಲ್‌ಆರ್ ಇನ್ನೂ ಪೂರ್ವದ ಕಾಡುಗಳಲ್ಲಿದೆ. ಕಾಂಗೊದಲ್ಲಿ ತಲೆಹಾಕಲು ರುವಾಂಡಾ ಇಂದಿಗೂ ತೋರಿಸುವ ಕಾರಣ ಅದೇ. 2025ರಲ್ಲಿ ಗೋಮಾ, ಬುಕಾವು ನಗರಗಳನ್ನು ಹಿಡಿದ ಎಂ23 ಬಂಡುಕೋರರಿಗೆ ರುವಾಂಡಾ ಸೇನೆಯ ಬೆಂಬಲವಿದೆ ಎಂದು ವಿಶ್ವಸಂಸ್ಥೆಯ ತಜ್ಞರು ಹೇಳಿದ್ದಾರೆ, ರುವಾಂಡಾ ಅದನ್ನು ಅಲ್ಲಗಳೆಯುತ್ತದೆ. ಅದೇ ವರ್ಷದ ಜೂನ್‌ನಲ್ಲಿ ಕಾಂಗೊ ಮತ್ತು ರುವಾಂಡಾ ವಾಷಿಂಗ್ಟನ್‌ನಲ್ಲಿ ಶಾಂತಿ ಒಪ್ಪಂದ ಮಾಡಿಕೊಂಡವು. ಅದಕ್ಕೆ ಎಂ23 ಸಹಿ ಹಾಕಿಲ್ಲ.