ಮೆಣಸಿನ ಸಸಿಯ ಎಲೆ ಮುದುಡಿದರೆ ಬೇರನ್ನು ವಿಚಾರಿಸಿ

ಮುಂಬೈ ಕಡೆಯ ಡೊಂಬಿವ್ಲಿ, ಮುಲುಂಡ್, ಮಾಟುಂಗಾದ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಕಿಟಕಿಯ ಕಟ್ಟೆಯ ಮೇಲೆ ಟೊಮೆಟೊ ಸಸಿಯೋ, ಊರಿಂದ ತಂದ ಬ್ಯಾಡಗಿ ಬೀಜದ ಮೆಣಸಿನ ಸಸಿಯೋ ಇರುತ್ತದೆ. ಎಲೆ ಮುದುಡಿತೆಂದರೆ ಮೊದಲು ಬರುವ ಮಾತು, ದೃಷ್ಟಿ ತಾಗಿದೆ. ಎರಡನೆಯದು, ಮುಟ್ಟಾದವರು ಹತ್ತಿರ ಹೋಗಿದ್ದರು. ಈ ಎರಡನೆಯ ಮಾತು ನನ್ನನ್ನು ನಿಜಕ್ಕೂ ಕಳವಳಗೊಳಿಸುತ್ತದೆ. ಗಿಡದ ಕಾಯಿಲೆಗೆ ಮನೆಯ ಹೆಣ್ಣುಮಗಳು ಅಪರಾಧಿಯಾಗುತ್ತಾಳೆ, ಅಸಲು ಕಾರಣ ಕುಂಡದೊಳಗೇ ಉಳಿದುಬಿಡುತ್ತದೆ.

ಎಲೆ ಬಾಗುವುದು ಅದರ ಎರಡು ಮಗ್ಗುಲು ಒಂದೇ ಸಮನೆ ಬೆಳೆಯದಿದ್ದಾಗ. ಬಿಸಿಲಿಗಿಟ್ಟ ಹಪ್ಪಳ ಒಂದು ಬದಿ ಮೊದಲು ಒಣಗಿ ಸೊಟ್ಟಗಾಗುವ ಹಾಗೆ. ಹಾಗಾದರೆ ಕೇಳಬೇಕಾದ ಪ್ರಶ್ನೆ: ಯಾವ ಬದಿ ಹೆಚ್ಚು ಬೆಳೆಯಿತು, ಯಾಕೆ?

ಮಳೆಗಾಲದ ಮುಂಬೈಯಲ್ಲಿ ನಾನು ಮೊದಲು ಅನುಮಾನಿಸುವುದು ನೀರನ್ನು. ಗಾಳಿಯಲ್ಲಿ ತೇವ ಶೇ. 80 ದಾಟಿರುತ್ತದೆ, ಬೆಳಕು ಮಂದ, ಎಲೆಯಿಂದ ಆವಿಯಾಗುವ ನೀರು ತೀರಾ ಕಡಿಮೆ. ನಾವು ಮಾತ್ರ ಮೇ ತಿಂಗಳ ರೂಢಿ ಬಿಡದೆ ದಿನಾ ಒಂದು ಲೋಟ ಸುರಿಯುತ್ತೇವೆ. ಕುಂಡದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮೇಲೆ ಒಣಗಿದಂತೆ ಕಂಡರೂ ತಳದಲ್ಲಿ ತೊಯ್ದೇ ಇರುತ್ತದೆ. ಬೇರಿಗೂ ಆಮ್ಲಜನಕ ಬೇಕು. ಅದು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇರು ಉಸಿರುಗಟ್ಟುತ್ತದೆ.

ಇಲ್ಲಿಂದ ಮುಂದಿನದು ಬಲು ಸೊಗಸು. ಉಸಿರುಗಟ್ಟಿದ ಬೇರಿನಲ್ಲಿ ಎಸಿಸಿ ಎಂಬ ವಸ್ತು ಕೂಡಿಕೊಳ್ಳುತ್ತದೆ. ಅದು ಎಥಿಲೀನ್ ಅನಿಲವಾಗುವ ಕೊನೆಯ ಹಂತಕ್ಕೆ ಆಮ್ಲಜನಕ ಬೇಕೇ ಬೇಕು, ಬೇರಿನಲ್ಲಿ ಅದೇ ಇಲ್ಲ. ಆದ್ದರಿಂದ ಎಸಿಸಿ ನೀರಿನ ನಾಳಗಳಲ್ಲಿ ಮೇಲೇರುತ್ತದೆ. ಮೇಲೆ ಆಮ್ಲಜನಕ ಧಾರಾಳ, ಅಲ್ಲಿ ಎಥಿಲೀನ್ ಹುಟ್ಟುತ್ತದೆ. ಅದರ ಪ್ರಭಾವದಿಂದ ಎಲೆತೊಟ್ಟಿನ ಮೇಲ್ಬದಿಯ ಕೋಶಗಳು ಕೆಳಬದಿಯವಕ್ಕಿಂತ ಬೇಗ ಉದ್ದವಾಗಿ, ಎಲೆ ಹಸಿರಾಗಿದ್ದೂ ಕೆಳಕ್ಕೆ ಬಾಗುತ್ತದೆ. ನೋವು ಬೇರಿನದು, ಲಕ್ಷಣ ಎಲೆಯದು! ವಿಜ್ಞಾನಿಗಳಾದ ಬ್ರ್ಯಾಡ್‌ಫರ್ಡ್ ಮತ್ತು ಯಾಂಗ್ ಟೊಮೆಟೊ ಗಿಡದಲ್ಲಿ ಇದನ್ನು ತೋರಿಸಿದ್ದು 1980ರಲ್ಲಿ.

ಗಿಡದ ಮೇಲೆ ಎಥಿಲೀನ್‌ನ ಪ್ರಭಾವ ಪತ್ತೆಯಾದ ಕಥೆಯೂ ಮನೆಯೊಳಗಿನ ಸಸಿಗಳದ್ದೇ. ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ ಸಸ್ಯವಿಜ್ಞಾನಿ ದಿಮಿತ್ರಿ ನೆಲ್ಯುಬೋವ್ ಕತ್ತಲಲ್ಲಿ ಬೆಳೆಸಿದ ಬಟಾಣಿ ಸಸಿಗಳು ನೆಟ್ಟಗೆ ಏಳದೆ ಅಡ್ಡಡ್ಡ ಬೆಳೆಯುತ್ತಿದ್ದವು. ಹೊರಗಿನ ಗಾಳಿಯಲ್ಲಿ ಅವೇ ನೆಟ್ಟಗಿರುತ್ತಿದ್ದವು. ಆತ ಒಂದೊಂದೇ ಕಾರಣವನ್ನು ಪರೀಕ್ಷಿಸುತ್ತ ಹೋದ. ದೋಷ ದೀಪದ ಗ್ಯಾಸಿನಲ್ಲಿತ್ತು, ಅದರೊಳಗಿನ ಎಥಿಲೀನ್‌ನಲ್ಲಿತ್ತು. 1901ರಲ್ಲಿ ಅದನ್ನು ಪ್ರಕಟಿಸಿದ. ಇಂದು ಗ್ಯಾಸ್ ದೀಪವಿಲ್ಲ, ಆದರೆ ಹುಲ್ಲಿನ ಪೆಟ್ಟಿಗೆಯಲ್ಲಿ ಹಣ್ಣಾಗುವ ದೇವಗಡದ ಆಪೂಸ್ ಇದೇ ಅನಿಲವನ್ನು ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಮಾವಿನ ಪೆಟ್ಟಿಗೆಯ ಪಕ್ಕ ಸಸಿ ಇಡಬೇಡಿ.

ಎಲೆ ಕೆಳಕ್ಕೆ ಬಾಗಿದ್ದರೆ ಕುಂಡ ಎತ್ತಿ ನೋಡಿ. ಭಾರವಿದ್ದರೆ ನೀರು ನಿಲ್ಲಿಸಿ, ತಳದ ತೂತು ಮುಚ್ಚಿದೆಯೇ ಎಂದು ಪರೀಕ್ಷಿಸಿ, ಮಣ್ಣು ಒಂದು ಬೆರಳಿನಷ್ಟು ಆಳ ಒಣಗುವವರೆಗೆ ಕಾಯಿರಿ. ಕುಂಡ ಹಗುರವಾಗಿದ್ದು, ಎಲೆಯ ಅಂಚು ಮೇಲಕ್ಕೆ ಸುರುಳಿಗಟ್ಟಿದ್ದರೆ ಸೆಕೆಯೋ ಎಸಿಯ ಒಣಗಾಳಿಯೋ ಕಾರಣವಿರಬಹುದು.

ಕುಡಿಯ ಎಳೆ ಎಲೆಗಳು ಮಾತ್ರ ಸುಕ್ಕುಗಟ್ಟಿದ್ದರೆ ವಿಚಾರ ಬೇರೆ, ಅದು ಕೀಟದ ಕೆಲಸ. ಮೆಣಸಿನಲ್ಲಿ ಥ್ರಿಪ್ಸ್ ಎಂಬ ಪುಟ್ಟ ಕೀಟ ರಸ ಹೀರಿದರೆ ಅಂಚು ಮೇಲಕ್ಕೆ ಮಡಚುತ್ತದೆ, ಹಳದಿ ಮೈಟ್ ನುಸಿ ಹತ್ತಿದರೆ ಕೆಳಕ್ಕೆ. ಥ್ರಿಪ್ಸ್ ಸುಮಾರು 1 ಮಿ.ಮೀ. ಉದ್ದ; ಕುಡಿಯನ್ನು ಬಿಳಿ ಕಾಗದದ ಮೇಲೆ ಕೊಡವಿದರೆ ಓಡಾಡುವುದು ಕಾಣುತ್ತದೆ. ಮೈಟ್ ನುಸಿ 0.2 ಮಿ.ಮೀ. ಕೂಡ ಇಲ್ಲ, ಅದಕ್ಕೆ ಭೂತಗನ್ನಡಿ ಬೇಕು. ಕಣ್ಣಿಗೆ ಕಾಣದ ಈ ಜೀವಿಯೇ ದೃಷ್ಟಿದೋಷದ ನಂಬಿಕೆಗೆ ಎಷ್ಟು ಬಲ ಕೊಟ್ಟಿರಬೇಕು!

ಬಿಳಿ ನೊಣ ಹರಡುವ ಎಲೆ ಮುಟುರು ವೈರಸ್ಸಿಗೆ ಮಾತ್ರ ಮದ್ದಿಲ್ಲ. ಎಲೆ ಚಿಕ್ಕದಾಗಿ, ಹಳದಿಯಾಗಿ, ಗಿಡ ಕುಳ್ಳಾಗಿ ನಿಂತರೆ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ, ಬಿಳಿ ನೊಣ ಅದನ್ನು ಪಕ್ಕದ ಮನೆಯ ಗಿಡಗಳಿಗೆ ದಾಟಿಸುವ ಮೊದಲೇ.