ಸೀಟು ಇಳಿಸಿ ಕೊಡಿ ಅನ್ನುವವರಿಗೆ

"ಸೀಟು ಸ್ವಲ್ಪ ಇಳಿಸಿ ಕೊಡಿ, ಎರಡೂ ಕಾಲು ನೆಲಕ್ಕೆ ತಾಗ್ಬೇಕು, ಬೆನ್ನೂ ನೆಟ್ಟಗಿರ್ಬೇಕು." ಮೈಸೂರಿನ ನನ್ನ ಸೈಕಲ್ ಅಂಗಡಿಯಲ್ಲಿ ಈ ಮಾತು ಕೇಳದ ದಿನವಿಲ್ಲ. ಇಳಿಸಿಕೊಟ್ಟರೆ ತಿಂಗಳೊಳಗೆ ವಾಪಸ್ ಬರುತ್ತಾರೆ. ಮಂಡಿ ನೋವಂತೆ. ಸೈಕಲ್ಲೇ ಸರಿಯಿಲ್ಲವಂತೆ!

ಬೆನ್ನು ನೆಟ್ಟಗಿರಬೇಕು ಅಂದರೆ ಏರಿಸಬೇಕಾದ್ದು ಹ್ಯಾಂಡಲ್. ಇಳಿಸಬೇಕಾದ್ದು ಸೀಟಲ್ಲ. ಸೀಟಿನ ಎತ್ತರ ನಿಮ್ಮ ಕಾಲಿನ ಉದ್ದಕ್ಕೆ ಸಂಬಂಧಿಸಿದ್ದು, ಬೆನ್ನಿಗಲ್ಲ, ನೆಲಕ್ಕಂತೂ ಅಲ್ಲವೇ ಅಲ್ಲ. ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಒಂದು ಪೆಡಲ್ ಪೂರ್ತಿ ಕೆಳಗಿರಲಿ, ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ನೆಟ್ಟಗಾದರೆ ಅದೇ ನಿಮ್ಮ ಎತ್ತರ. ತುಳಿಯುವುದು ಪಾದದ ಮುಂಭಾಗದಿಂದ, ಅಲ್ವಾ? ಆಗ ಮಂಡಿ ತುಸು ಬಗ್ಗಿರುತ್ತದೆ. ಅಷ್ಟು ಬಗ್ಗಿದರೆ ಸಾಕು, ಸೀಟು ತಗ್ಗಿದ್ದರೆ ಜಾಸ್ತಿ ಬಗ್ಗಿ ನೋವು ಬರುತ್ತದೆ.

"ಮತ್ತೆ ಸಿಗ್ನಲ್ಲಿನಲ್ಲಿ?" ಸೀಟಿನಿಂದ ಮುಂದಕ್ಕೆ ಜಾರಿ ಕಾಲೂರಿ. ಡಬಲ್ ಬಾರ್ ಸೈಕಲ್ಲಿನಲ್ಲಿ ಒಳಪೆಡಲ್ ತುಳಿದು ಕಲಿತ ನಮ್ಮಪ್ಪಂದಿರಿಗೆ ಸೀಟಿನಿಂದ ನೆಲ ಎಲ್ಲಿ ಎಟುಕುತ್ತಿತ್ತು?

ಹ್ಯಾಂಡಲ್ ಏರಿಸುವುದು ಎಲ್ಲ ಸೈಕಲ್ಲಿಗೂ ಒಂದೇ ಥರ ಅಲ್ಲ. ಹಳೆಯದಾದರೆ ಬೋಲ್ಟು ಸಡಿಲಿಸಿ ಮೇಲೆಳೆಯಬಹುದು. ಆದರೆ ಹ್ಯಾಂಡಲ್ ಕೊಳವೆಯ ಮೇಲೆ ಗುರುತು ಮಾಡಿರುವ ಗೆರೆ ಹೊರಗೆ ಕಾಣುವಷ್ಟು ಎಳೆಯಬೇಡಿ, ಕಿತ್ತು ಕೈಗೆ ಬಂದೀತು. ಹೊಸ ಸೈಕಲ್ಲುಗಳಲ್ಲಿ ಮೇಲ್ಮುಖದ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಅಥವಾ ಎತ್ತರದ ಹ್ಯಾಂಡಲ್ ಹಾಕಿಸಬೇಕು. ಬ್ರೇಕ್ ಕೇಬಲ್ ಸಾಲುತ್ತದಾ ಅಂತ ಮೊದಲೇ ನೋಡಿಸಿ. ನೆಟ್ಟಗೆ ಕೂತಷ್ಟೂ ಭಾರ ಸೀಟಿನ ಮೇಲೆ ಜಾಸ್ತಿ ಬೀಳುತ್ತದೆ, ಹಾಗಾಗಿ ಅಗಲದ ಸೀಟು ಬೇಕು. ತೀರಾ ಮೆತ್ತಗಿನದು ಬೇಡ. ದೂರದ ದಾರಿಯಲ್ಲಿ ಅದು ಕುಗ್ಗಿ ಕಾಲುಗಳ ನಡುವೆ ಒತ್ತುತ್ತದೆ. ನೋವು ಮೊದಲಿನಿಂದಲೇ ಇದ್ದರೆ ಡಾಕ್ಟರನ್ನು ಕೇಳಿ, ನಾನು ಬರೀ ಮೆಕ್ಯಾನಿಕ್.

ನಿವೃತ್ತ ಮೇಷ್ಟ್ರೊಬ್ಬರು ಮಡಿಕೇರಿಗೆ ಹೊರಟಿದ್ದರು, ಸುಮಾರು 120 ಕಿಲೋಮೀಟರ್. ಸೀಟಿನ ಎತ್ತರಕ್ಕೆ ಒಪ್ಪಿಸಲು ನನಗೆ ಮೂರು ಟೀ ಬೇಕಾಯಿತು. ಒಪ್ಪಿದರು, ಆದರೆ ಕೈಯಲ್ಲೇ ಬಿಚ್ಚುವ ಕ್ವಿಕ್ ರಿಲೀಸ್ ಲಿವರ್ ಮಾತ್ರ ಇರಲಿ ಅಂದರು, ಬೇಕಾದಾಗ ಇಳಿಸಿಕೊಳ್ಳೋಕೆ. ಹೊರಡುವ ಹಿಂದಿನ ದಿನ ಮಾರ್ಕೆಟ್ ಹತ್ತಿರ ನಿಲ್ಲಿಸಿ ತರಕಾರಿ ತರುವಷ್ಟರಲ್ಲಿ ಸೀಟೇ ಮಾಯ. ಕಳ್ಳನಿಗೆ ಸ್ಪ್ಯಾನರೂ ಬೇಕಾಗಿರಲಿಲ್ಲ. ಪುಣ್ಯಕ್ಕೆ ಸೈಕಲ್ ಉಳಿದಿತ್ತು. ದುಬಾರಿ ಬೀಗವೇನೋ ಇತ್ತು, ಆದರೆ ಹಾಕಿದ್ದು ಬರೀ ಮುಂದಿನ ಚಕ್ರಕ್ಕೆ. ಆ ಚಕ್ರಕ್ಕೂ ಅಂಥದೇ ಲಿವರ್!

ಎತ್ತರ ಒಮ್ಮೆ ಸರಿಯಾಯಿತು ಅಂದರೆ ಲಿವರ್ ಯಾಕೆ? ಅದನ್ನು ತೆಗೆದು, ತಲೆಯಲ್ಲಿ ಆರು ಮೂಲೆಯ ಕುಳಿಯಿರುವ ಅಲೆನ್ ಬೋಲ್ಟ್ ಹಾಕಿ, ಆ ಕುಳಿಗೆ ಮೇಣದ ಬತ್ತಿ ತೊಟ್ಟಿಕ್ಕಿಸಿ. ಬಿಚ್ಚಬೇಕಾದಾಗ ನೀವು ಸೂಜಿಯಲ್ಲಿ ಕೆದಕಿಕೊಳ್ಳಬಹುದು, ಅವಸರದ ಕಳ್ಳನಿಗೆ ಅಷ್ಟು ತಾಳ್ಮೆ ಇರೋದು ಕಷ್ಟ. ಯು-ಲಾಕನ್ನು, ಅಂದರೆ ಯು ಆಕಾರದ ಗಟ್ಟಿ ಬೀಗವನ್ನು, ಹಿಂದಿನ ಚಕ್ರ, ಫ್ರೇಮ್ ಎರಡನ್ನೂ ಸೇರಿಸಿ ಗಟ್ಟಿ ಕಂಬಿಗೆ ಹಾಕಿ. ತೆಳ್ಳನೆ ಕೇಬಲ್ ಲಾಕ್ ಸುಮ್ನೆ ಸಮಾಧಾನಕ್ಕೆ, ಕಟ್ಟರ್ ಇದ್ದರೆ ಒಂದೇ ಏಟು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೂ ಬೀಗ ಹಾಕಿ. ಯಾವ ಬೀಗವೂ ಪೂರ್ತಿ ಕಾಯುತ್ತದೆ ಅಂತ ನಾನು ಹೇಳಲಾರೆ. ಸಾಮಾನ್ಯವಾಗಿ ಎರಡು ಪೆಡಲ್‌ಗಳ ನಡುವಿನ ದಪ್ಪ ಕೊಳವೆಯ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರಿನ ಫೋಟೋ ತೆಗೆದಿಡಿ, ದೂರು ಕೊಡುವಾಗ ಬೇಕಾಗುತ್ತದೆ.

ಮೇಷ್ಟ್ರು ಹೊಸ ಸೀಟು ಹಾಕಿಸಿಕೊಂಡು ಮಡಿಕೇರಿ ಮುಟ್ಟಿ ಬಂದರು. ಕಳೆದ ವಾರ ಮತ್ತೆ ಅಂಗಡಿಗೆ ಬಂದಿದ್ದರು. ಮಂಡಿ ಚೆನ್ನಾಗಿದೆ, ಸೀಟೂ ಇದೆ. ಈ ಸಲ ಬೆಲ್ ಹೋಗಿದೆ.