ಪೀಟ್ ಜೌಗು ಮತ್ತು ಸ್ಫ್ಯಾಗ್ನಮ್ ಹಾವಸೆ: ಪಿಎಚ್ ಒಂದೇ ಬರೆದರೆ ಸಾಲದು

ಚಿತ್ರದುರ್ಗದ ಕೋಟೆಗೋಡೆಯ ಹಾವಸೆಯನ್ನು ನೋಡಿದವರಿಗೆ ಸ್ಫ್ಯಾಗ್ನಮ್ ಅರ್ಥವಾಗಲು ಸ್ವಲ್ಪ ಸಮಯ ಬೇಕು. ಕಲ್ಲಿನ ಮೇಲಿನದು ಬೇಸಿಗೆಯಲ್ಲಿ ಕಪ್ಪಗೆ ಸುರುಟಿಕೊಂಡು, ಮುಂಗಾರಿನ ಮೊದಲ ಹನಿಗೆ ಮತ್ತೆ ಹಸಿರಾಗುತ್ತದೆ. ಸ್ಫ್ಯಾಗ್ನಮ್ ಅಂಥ ಒಣಗುವಿಕೆಯನ್ನು ತಾಳಿಕೊಳ್ಳುವುದಿಲ್ಲ, ಹಾಗಾಗಿ ಅದು ನೀರನ್ನು ಮೈತುಂಬ ಕೂಡಿಟ್ಟುಕೊಳ್ಳುತ್ತದೆ. ಅದರ ಎಲೆ ಒಂದೇ ಕೋಶದಷ್ಟು ದಪ್ಪ. ಸಣ್ಣ ಹಸಿರು ಕೋಶಗಳ ನಡುವೆ ದೊಡ್ಡ ಸತ್ತ ಕೋಶಗಳಿದ್ದು, ಅವುಗಳ ಗೋಡೆಯಲ್ಲಿ ರಂಧ್ರಗಳಿವೆ. ಖಾಲಿಯಾದಾಗ ಕುಸಿಯದಂತೆ ಒಳಗೆ ಬಳೆಯಂಥ ಪಟ್ಟಿಗಳಿವೆ. ಒಣತೂಕದ 15ರಿಂದ 20 ಪಟ್ಟು ನೀರು ಇದರಲ್ಲಿ ನಿಲ್ಲುತ್ತದೆ. ಬೆಳೆದ ಗಿಡಕ್ಕೆ ಬೇರಿನಂಥ ಎಳೆಗಳೂ ಇಲ್ಲ.

ಪರೀಕ್ಷೆಯಲ್ಲಿ ಹೆಚ್ಚಿನವರು "ಸ್ಫ್ಯಾಗ್ನಮ್ ಆಮ್ಲೀಯ ಜೌಗಿನಲ್ಲಿ ಬೆಳೆಯುತ್ತದೆ" ಎಂದು ಬರೆದು ಮುಗಿಸುತ್ತಾರೆ. ತಪ್ಪಲ್ಲ, ಆದರೆ ಅರ್ಧ ಉತ್ತರ. ನೀರು ಎಲ್ಲಿಂದ ಬರುತ್ತದೆ, ಅದರಲ್ಲಿ ಏನು ಕರಗಿದೆ, ಅದು ಎಷ್ಟು ಆಳದಲ್ಲಿ ನಿಂತಿದೆ ಎಂಬುದೆಲ್ಲ ಸೇರಿ ಯಾವ ಹಾವಸೆ ಎಲ್ಲಿ ಬೆಳೆಯಬೇಕೆಂದು ತೀರ್ಮಾನವಾಗುತ್ತದೆ.

ಮಳೆಯಾಶ್ರಿತ ಜೌಗು, ಕಾಲುವೆ ಜೌಗು

ಚಳ್ಳಕೆರೆಯ ಶೇಂಗಾ ಹೊಲವನ್ನೂ ದಾವಣಗೆರೆಯ ಭದ್ರಾ ಕಾಲುವೆಯ ಗದ್ದೆಯನ್ನೂ ನೆನಪಿಟ್ಟುಕೊಳ್ಳಿ. ಶೇಂಗಾ ಹೊಲದಂತೆ, ಬಾಗ್ ಎಂಬ ಪೀಟ್ ಜೌಗು ಪೂರಾ ಮಳೆಯಾಶ್ರಿತ. ಪೀಟ್ ಎಂದರೆ ಪೂರ್ತಿ ಕೊಳೆಯದೆ ಪದರಗಟ್ಟಿದ ಸತ್ತ ಗಿಡ. ಪೀಟ್ ಬೆಳೆದು ಎತ್ತರವಾದ್ದರಿಂದ ಅಂತರ್ಜಲ ಅದರ ಮೇಲ್ಮೈ ಮುಟ್ಟುವುದಿಲ್ಲ. ಪೋಷಕಾಂಶವೆಲ್ಲ ಮಳೆಯಿಂದ, ಗಾಳಿಯ ಧೂಳಿನಿಂದ ಬರಬೇಕು. ಪಿಎಚ್ (ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸಾಮಾನ್ಯವಾಗಿ 3.5ರಿಂದ 4.5. ಕಾಲುವೆಯ ಗದ್ದೆಯಂತೆ, ಫೆನ್ ಎಂಬ ಇನ್ನೊಂದು ಬಗೆಯ ಜೌಗಿಗೆ ಮಣ್ಣು, ಬಂಡೆ ಹಾದು ಬಂದ ನೀರು ಸಿಗುತ್ತದೆ. ಖನಿಜ ಕಡಿಮೆಯಿದ್ದರೆ ಪಿಎಚ್ 5ರ ಆಸುಪಾಸು ಇದ್ದು ಅಲ್ಲಿಯೂ ಸ್ಫ್ಯಾಗ್ನಮ್ ಇರುತ್ತದೆ. ಸುಣ್ಣದ ಅಂಶ ಹೆಚ್ಚಿ ಪಿಎಚ್ 6 ದಾಟಿತೆಂದರೆ ಸ್ಕಾರ್ಪಿಡಿಯಮ್, ಕ್ಯಾಂಪಿಲಿಯಮ್‌ನಂಥ ಕಂದು ಹಾವಸೆಗಳದ್ದೇ ರಾಜ್ಯ.

ಕೊಳವೆಬಾವಿಯ ನೀರು ಹಾಕಿದರೆ ಯಾಕೆ ಸಾಯುತ್ತದೆ?

ಈ ಭಾಗದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಸ್ಫ್ಯಾಗ್ನಮ್‌ನ ಕೋಶಗೋಡೆಯ ಆಮ್ಲ ಗುಂಪುಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಹೈಡ್ರೋಜನ್ ಅಯಾನು ಬಿಡುತ್ತವೆ. ಒಂದು ಗ್ರಾಂ ಒಣ ಹಾವಸೆ ಸುಮಾರು 1 ಮಿಲಿಸಮಾನಾಂಶದಷ್ಟು (ಮಿಲಿಈಕ್ವಿವಲೆಂಟ್, ಅಯಾನುಗಳನ್ನು ವಿದ್ಯುದಾವೇಶದ ಲೆಕ್ಕದಲ್ಲಿ ಎಣಿಸುವ ಅಳತೆ) ವಿನಿಮಯ ಮಾಡಬಲ್ಲದು. ಈಗ ಲೆಕ್ಕ ಹಾಕಿ: ಕೊಳವೆಬಾವಿ ನೀರಿನ ಕ್ಷಾರತೆ ಲೀಟರಿಗೆ 300 ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಇದ್ದರೆ, ಅದನ್ನು 50ರಿಂದ ಭಾಗಿಸಿದಾಗ 6 ಮಿಲಿಸಮಾನಾಂಶ. ಒಂದು ಲೀಟರ್ ನೀರಿಗೆ 6 ಗ್ರಾಂ ಒಣ ಹಾವಸೆಯ ಸಾಮರ್ಥ್ಯವೆಲ್ಲ ಖರ್ಚು! ಹೊಸ ಬೆಳವಣಿಗೆಯಿಂದ ವಿನಿಮಯದ ಹೊಸ ಜಾಗಗಳು ಹುಟ್ಟಬೇಕು, ದಿನವೂ ಇಂಥ ನೀರು ಬಿದ್ದರೆ ಅದು ಆಗದು.

ಇಲ್ಲೊಂದು ಸೂಕ್ಷ್ಮವಿದೆ. ಕ್ಯಾಲ್ಸಿಯಂ ಮಾತ್ರ ಹೆಚ್ಚಿದರೆ, ಅಥವಾ ಪಿಎಚ್ ಮಾತ್ರ ಏರಿದರೆ, ಹಾನಿ ಅಷ್ಟಿಲ್ಲ; ಎರಡೂ ಕೂಡಿ ಬಂದಾಗಲೇ ಮಾರಕ ಎಂದು ಸ್ಫ್ಯಾಗ್ನಮ್ ಅಧ್ಯಯನ ಮಾಡಿದ ವಿಜ್ಞಾನಿ ಕ್ಲೈಮೋ 1973ರಲ್ಲಿ ತೋರಿಸಿದರು. ನಮ್ಮ ಗಡಸು ನೀರಿನಲ್ಲಿ ಎರಡೂ ಜೊತೆಯಾಗಿಯೇ ಇರುತ್ತವೆ. ಆದ್ದರಿಂದ ಸಾಕುವುದಾದರೆ ಮಳೆನೀರು ಅಥವಾ ಆರ್‌ಒ ನೀರು. ಆರ್‌ಒ ನೀರಾದರೂ ಟಿಡಿಎಸ್ (ಕರಗಿದ ಲವಣಾಂಶ) ಮೀಟರ್ ಹಿಡಿದು ನೋಡಿ, ಖನಿಜ ಬೆರೆಸಿದ್ದಿರಬಹುದು. ಕುಂಡದ ನೀರು ಅರ್ಧ ಆವಿಯಾದರೆ ಉಳಿದದ್ದರಲ್ಲಿ ಲವಣ ಇಮ್ಮಡಿಯಾಗಿರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಇದು ಬೇಗ ಆಗುತ್ತದೆ. ಕೊಕೊಪೀಟ್ ತೆಂಗಿನ ನಾರಿನ ಪುಡಿ, ಪೀಟ್ ಅಲ್ಲ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಳಿದಿರುವುದರಿಂದ ತೊಳೆಯದೆ ಬಳಸಬೇಡಿ.

ಪ್ರಯೋಗ

ಈ ವಿನಿಮಯವನ್ನು ಕಣ್ಣಾರೆ ನೋಡಲು ಆರ್ಕಿಡ್‌ಗೆಂದು ನರ್ಸರಿಯಲ್ಲಿ ಮಾರುವ ಒಣ ಸ್ಫ್ಯಾಗ್ನಮ್ ಸಾಕು. ಸತ್ತ ಹಾವಸೆಯೂ ವಿನಿಮಯ ಮಾಡುತ್ತದೆ. ತಲಾ 2 ಗ್ರಾಮಿನ ಮೂರು ಭಾಗ ಮಾಡಿ. ತೂಕ ಮೊದಲೇ ಆಗಬೇಕು, ನೆನೆದ ಮೇಲೆ ತೂಗಿದರೆ ಲೆಕ್ಕವೆಲ್ಲ ಕೆಡುತ್ತದೆ. 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ತೊಳೆದ ನೀರಿನ ಪಿಎಚ್ ಬಟ್ಟಿನೀರಿನ ಪಿಎಚ್‌ಗೆ ಹತ್ತಿರ ಬರುವವರೆಗೆ ಬಟ್ಟಿನೀರಿನಲ್ಲಿ ತೊಳೆಯಿರಿ. ಆಮ್ಲದ ಹಂತ ಬಿಟ್ಟರೆ ಏನೂ ಕಾಣುವುದಿಲ್ಲ, ಯಾಕೆಂದರೆ ಮಾರುಕಟ್ಟೆಯ ಹಾವಸೆಯಲ್ಲಿ ಆ ಜಾಗಗಳು ಮೊದಲೇ ಬಹುಪಾಲು ತುಂಬಿರುತ್ತವೆ.

ಒಂದನ್ನು 200 ಮಿಲೀ ಬಟ್ಟಿನೀರಿಗೆ, ಒಂದನ್ನು ಅಷ್ಟೇ 1% ಉಪ್ಪಿನ ದ್ರಾವಣಕ್ಕೆ, ಇನ್ನೊಂದನ್ನು ಅಷ್ಟೇ ಕೊಳವೆಬಾವಿ ನೀರಿಗೆ ಹಾಕಿ, ಕಲಕುತ್ತಾ ಅರ್ಧ ಗಂಟೆ ಬಿಟ್ಟು ಪಿಎಚ್ ನೋಡಿ. ಉಪ್ಪುನೀರಿನಲ್ಲಿ ಇಳಿತ ಜೋರು. ಬಟ್ಟಿನೀರಿನಲ್ಲೂ ಜೋರಾಗಿ ಇಳಿದರೆ ಆಮ್ಲ ಸರಿಯಾಗಿ ತೊಳೆದಿಲ್ಲ, ಮತ್ತೆ ಮಾಡಿ. ಕೊಳವೆಬಾವಿ ನೀರನ್ನು ಚೆಲ್ಲಿ ಅದೇ ಹಾವಸೆಗೆ ಹೊಸ 200 ಮಿಲೀ ಹಾಕಿ: ಈ ಸಲ ಇಳಿತ ಕಡಿಮೆ. ಮೂರನೆಯ ಸಲ ಇನ್ನೂ ಕಡಿಮೆ. ಮೇಲಿನ ಲೆಕ್ಕ ಕಣ್ಣೆದುರು ನಡೆಯುತ್ತದೆ.

ಆದರೆ ಬಾಗ್‌ನ ಆಮ್ಲೀಯತೆಗೆಲ್ಲ ಈ ವಿನಿಮಯವೇ ಕಾರಣವೆಂದು ಬರೆಯಬೇಡಿ. ಪೀಟ್ ಕೊಳೆಯುವಾಗ ಬರುವ ಸಾವಯವ ಆಮ್ಲಗಳ ಪಾಲು ದೊಡ್ಡದು.

ದಿಬ್ಬ, ತಗ್ಗು

ಬಾಗ್‌ನ ಮೇಲ್ಮೈ ಸಮತಟ್ಟಲ್ಲ. ನೀರಿಗಿಂತ ಗೇಣುದ್ದ ಎತ್ತರದ ದಿಬ್ಬಗಳಲ್ಲಿ ಸ್ಫ್ಯಾಗ್ನಮ್ ಫಸ್ಕಮ್, ನೀರು ನಿಂತ ತಗ್ಗುಗಳಲ್ಲಿ ಸ್ಫ್ಯಾಗ್ನಮ್ ಕಸ್ಪಿಡೇಟಮ್. ದಿಬ್ಬದ ಜಾತಿ ಒತ್ತೊತ್ತಾಗಿ ಬೆಳೆದು ಲೋಮನಾಳದಂತೆ ನೀರನ್ನು ಮೇಲೆಳೆಯುತ್ತದೆ, ಮತ್ತು ನಿಧಾನ ಕೊಳೆಯುತ್ತದೆ; ದಿಬ್ಬ ದಿಬ್ಬವಾಗಿಯೇ ಉಳಿಯಲು ಇದೂ ಒಂದು ಕಾರಣ. ತಗ್ಗಿನ ಜಾತಿ ಸಡಿಲ, ನೀರಿದ್ದರೆ ವೇಗವಾಗಿ ಬೆಳೆಯುತ್ತದೆ, ನೀರು ಇಳಿದರೆ ಮೊದಲು ಬಾಡುತ್ತದೆ. ನೀರು ಅತಿಯಾದರೂ ತೊಂದರೆಯೇ: ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ, ದ್ಯುತಿಸಂಶ್ಲೇಷಣೆ ಕುಗ್ಗುತ್ತದೆ.

ಸೂಳೆಕೆರೆಯ ಅಂಚಿನಲ್ಲೂ ನೀರಿದೆ, ಗಿಡವಿದೆ, ಪೀಟ್ ಯಾಕಿಲ್ಲ ಎಂದು ಕೇಳಿಕೊಳ್ಳಿ. ಬೇಸಿಗೆಯಲ್ಲಿ ಅಂಚು ತೆರೆದುಕೊಳ್ಳುತ್ತದೆ, ಆಮ್ಲಜನಕ ಒಳಹೋಗುತ್ತದೆ, ಬಿಸಿಯಲ್ಲಿ ಸತ್ತದ್ದೆಲ್ಲ ಬೇಗ ಕೊಳೆಯುತ್ತದೆ. ಪೀಟ್‌ಗೆ ವರ್ಷವಿಡೀ ನೆನೆದ ನೆಲ ಬೇಕು. ನಮಗೆ ಸಮೀಪದ ಪೀಟ್ ನೀಲಗಿರಿಯ ಎತ್ತರದ ಕಣಿವೆಗಳಲ್ಲಿದೆ; ಅದರ ಇಂಗಾಲದ ಐಸೋಟೋಪ್‌ಗಳಿಂದ ಸುಮಾರು 20,000 ವರ್ಷಗಳ ಹವಾಮಾನವನ್ನು ಓದಿ 1993ರಲ್ಲಿ ಪ್ರಕಟಿಸಿದ್ದಾರೆ. ಅದನ್ನು ಕಟ್ಟಿದ್ದು ಬಹುಪಾಲು ಹುಲ್ಲು, ಜೇಕಿನ ಜಾತಿಗಳು.

ವಾಹಕತೆಯ ತಿದ್ದುಪಡಿ

ಜೌಗಿನ ನೀರಿನ ಖನಿಜಾಂಶ ಅಳೆಯಲು ವಿದ್ಯುತ್ ವಾಹಕತೆ ಬಳಸುತ್ತಾರೆ. ಆಮ್ಲೀಯ ನೀರಿನಲ್ಲಿ ಹೈಡ್ರೋಜನ್ ಅಯಾನೂ ವಿದ್ಯುತ್ ಒಯ್ಯುವುದರಿಂದ ಅದರ ಪಾಲು ಕಳೆಯಬೇಕು. 25 ಡಿಗ್ರಿಯಲ್ಲಿ ಪಿಎಚ್ 4 ಆದರೆ ಸೆಂಟಿಮೀಟರಿಗೆ 35 ಮೈಕ್ರೋಸೀಮೆನ್ಸ್, ಪಿಎಚ್ 3.5 ಆದರೆ ಸುಮಾರು 110, ಪಿಎಚ್ 5ಕ್ಕೆ ಬರೀ 3.5. ಮೀಟರ್ 60 ತೋರಿಸಿ ಪಿಎಚ್ 4 ಇದ್ದರೆ ನಿಜವಾದ ಖನಿಜದ ಪಾಲು 25 ಮಾತ್ರ. ಕಳೆಯಲು ಮರೆತವರು ಬಾಗ್‌ನ ನೀರನ್ನು ಫೆನ್ ಎಂದು ಬರೆದುಬಿಡುತ್ತಾರೆ. ಉತ್ತರ ಋಣವಾಗಿ ಬಂದರೆ ಪಿಎಚ್ ಮೀಟರನ್ನು 4ರ ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಮತ್ತೆ ಸರಿಹೊಂದಿಸಿ. 7ರ ಬಫರ್ ಒಂದರಿಂದಲೇ ಹೊಂದಿಸಿ ಅಳೆದಾಗ ಹೀಗಾಗುವುದುಂಟು.